ಚಂದ್ರನ ಕೆಮ್ಮು

ಪತ್ರಿಕೆಯಲ್ಲಿ ಆ ಸುದ್ದಿ ಬಂದ ಬೆಳಗ್ಗೆ ಕೆಮ್ಮಿನ ಮಾಮನ ಮನೆಗೆ ಮೊದಲು ಬಂದವರು ಮಹಡಿ ಮನೆಯ ಮೇಷ್ಟ್ರು. ಚಪ್ಪಲಿ ಹೊರಗೆ ಬಿಟ್ಟು, ತಲೆ ತಗ್ಗಿಸಿಕೊಂಡು ಒಳಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತರು. ಆಮೇಲೆ, "ಆಗಿದ್ದು ಆಗಿಹೋಯ್ತು. ಮನಸ್ಸು ಗಟ್ಟಿ ಮಾಡ್ಕೋಬೇಕು," ಎಂದರು.

ಮಾಮ ಗಡ್ಡ ಹೆರೆಯುತ್ತಿದ್ದವನು ಅರ್ಧಕ್ಕೇ ಎದ್ದು ಬಂದಿದ್ದ. ಒಂದು ಕೆನ್ನೆಯ ಮೇಲೆ ಇನ್ನೂ ಸೋಪಿನ ನೊರೆ. ಯಾರೋ ಹತ್ತಿರದವರೇ ಹೋಗಿಬಿಟ್ಟಿರಬೇಕು ಎಂದುಕೊಂಡ. ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದ ಸದ್ದಾದ್ದರಿಂದ ಹೆಂಡತಿ ಅಲ್ಲ ಎಂಬುದು ಖಾತ್ರಿಯಾಯಿತು. "ಯಾರು ಮೇಷ್ಟ್ರೇ?" ಎಂದ.

"ಯಾರೂ ಅಲ್ಲ. ನಿಮ್ಮ ಕೆಮ್ಮು," ಎಂದು ಮೇಷ್ಟ್ರು ಪತ್ರಿಕೆಯನ್ನು ಅವನ ಕೈಗೆ ಕೊಟ್ಟು, ಕನ್ನಡಕ ತೆಗೆದು ಒರೆಸಿಕೊಂಡರು.

ಸುದ್ದಿ ಚಿಕ್ಕದು. ಐವತ್ತು ವರ್ಷ ಹಳೆಯದಾದ ಕೊಡೆಯ ಚಿತ್ರ ಮತ್ತೆ ತೆರೆಗೆ ಬರಲಿದೆ. ಈ ಸಲ ಅದರ ಹಾಡುಗಳ ಹಳೆಯ ಧ್ವನಿಮುದ್ರಣವನ್ನು ಹೊಸ ಯಂತ್ರಗಳಿಂದ ತೊಳೆದು ಶುದ್ಧ ಮಾಡಲಾಗುತ್ತಿದೆ. ಕರಕರ, ಗುಂಯ್‌ಗುಟ್ಟುವಿಕೆ, ಕುರ್ಚಿ ಎಳೆದ ಸದ್ದು ಎಲ್ಲವೂ ಹೋಗಲಿವೆ. "ಮೂರನೆಯ ಹಾಡಿನ ನಡುವೆ ಕೇಳಿಬರುತ್ತಿದ್ದ ಪ್ರಸಿದ್ಧ ಕೆಮ್ಮು ಕೂಡ ಇನ್ನು ಇರುವುದಿಲ್ಲ." ಕೊನೆಯ ಸಾಲು ಓದಿ ಮಾಮ ಅಲ್ಲೇ ಕೂತ. ನೊರೆ ಅವನ ಕುತ್ತಿಗೆಗೆ ಇಳಿಯಿತು.

ಕೊಡೆಯ ಚಿತ್ರ ಎಂದರೆ ಕೈಯಲ್ಲಿ ಬರೆದ ಬೊಂಬೆಗಳ ಚಿತ್ರ, ತುಂಬ ಹಾಡು. ಒಂದು ಪುಟ್ಟ ಕೊಡೆ ಗಾಳಿಗೆ ಹಾರಿ ತನ್ನ ಯಜಮಾನನನ್ನು ಕಳೆದುಕೊಳ್ಳುತ್ತದೆ. ಊರೆಲ್ಲ ಹುಡುಕಿ ಸುಸ್ತಾಗಿ ದೀಪದ ಕಂಬಕ್ಕೆ ಸಿಕ್ಕಿಕೊಂಡು, ಮೇಲಿನ ಚಂದ್ರನನ್ನು ನೋಡಿ ತನ್ನವರು ಯಾರಾದರೂ ಕಂಡರಾ ಎಂದು ಹಾಡಿನಲ್ಲೇ ಕೇಳುತ್ತದೆ. ವಾದ್ಯಗಳೆಲ್ಲ ನಿಂತುಬಿಡುತ್ತವೆ. ಪರದೆಯ ಮೇಲೆ ಕೊಡೆ, ಚಂದ್ರ, ಇಬ್ಬರೇ. ಚಂದ್ರ ಏನು ಹೇಳುತ್ತಾನೋ ಎಂದು ಎಲ್ಲರೂ ಉಸಿರು ಬಿಗಿಹಿಡಿದಿರುವಾಗ, ಖೊಕ್ಕ್ ಎಂದು ಒಂದು ಕೆಮ್ಮು. ಸಂಗೀತ ನಿರ್ದೇಶಕರು ಬಯಸಿದ್ದ ಕೆಮ್ಮಲ್ಲ ಅದು. ಮುದ್ರಣ ಮುಗಿದು ವಾದ್ಯದವರೆಲ್ಲ ಮನೆಗೆ ಹೋದ ಮೇಲೆ ಗೊತ್ತಾಯಿತು, ಮತ್ತೆ ಮಾಡಿಸುವ ಶಕ್ತಿ ಕಂಪನಿಗೆ ಇರಲಿಲ್ಲ, ಹಾಗೇ ಉಳಿಯಿತು. ಮೊದಲ ದಿನ ಜನ ಚಂದ್ರನೇ ಕೆಮ್ಮಿದ ಎಂದು ಬಿದ್ದು ಬಿದ್ದು ನಕ್ಕರು. ಆಮೇಲೆ ಏಳೆಂಟು ವರ್ಷಕ್ಕೊಮ್ಮೆ ಚಿತ್ರ ಮರಳಿ ಬಂದಾಗಲೆಲ್ಲ, ಚಂದ್ರ ಕೆಮ್ಮಿದ ಕೂಡಲೇ ಥಿಯೇಟರಿನಲ್ಲಿದ್ದವರೆಲ್ಲ ಒಟ್ಟಿಗೆ ಕೆಮ್ಮುವುದು ಊರಿನ ವಾಡಿಕೆಯಾಗಿಬಿಟ್ಟಿತು. ಕೈಗೂಸುಗಳನ್ನೂ ತೊಡೆಯ ಮೇಲೆ ಕುಣಿಸಿ, "ಕೆಮ್ಮು ಪುಟ್ಟ, ಕೆಮ್ಮು" ಎಂದು ಕಲಿಸುತ್ತಿದ್ದರು.

ಆ ಕೆಮ್ಮು ಮಾಮನದು. ಎಂಟು ವರ್ಷದವನಾಗಿದ್ದಾಗ ಅವನು ಆ ಹಾಡಿಗೆ ದನಿಗೂಡಿಸಿದ ಮಕ್ಕಳ ಗುಂಪಿನಲ್ಲಿದ್ದ. ಗುಂಪಿಗೆ ಸೇರಿದ್ದೂ ಪ್ರತಿಭೆಯಿಂದೇನಲ್ಲ. ಅವನ ತಾಯಿ ಆ ಧ್ವನಿಮುದ್ರಣ ಭವನದಲ್ಲಿ ನೆಲ ಒರೆಸುತ್ತಿದ್ದಳು, ಒಬ್ಬ ಹುಡುಗ ಬಂದಿರಲಿಲ್ಲ, ಇವನನ್ನು ತಂದು ನಿಲ್ಲಿಸಿದರು. ಕೆಮ್ಮು ಕೇಳಿಬಂದಾಗ ಸಂಗೀತ ನಿರ್ದೇಶಕರು ಇನ್ನೂ ಮನೆಗೆ ಹೋಗದಿದ್ದ ಮಕ್ಕಳ ಸಾಲಿಗೆ ಬಂದು, ಮೂಗು ಸೋರುತ್ತಿದ್ದ ಒಬ್ಬನೇ ಒಬ್ಬನ ಕಿವಿ ಹಿಂಡಿದರು. ಅಲ್ಲಿಗೆ ವಿಚಾರಣೆ ಮುಗಿದಿತ್ತು.

ಬಸ್ ನಿಲ್ದಾಣದಲ್ಲಿ ಪ್ರಯಾಣಿಕರು ಮರೆತುಹೋದ ಸಾಮಾನುಗಳ ಕೌಂಟರಿನಲ್ಲಿ ಗುಮಾಸ್ತನಾದ ಮೇಲೆ ಮಾಮ ಈ ಕಥೆಗೆ ಸ್ವಲ್ಪ ಸ್ವಲ್ಪವೇ ಒಗ್ಗರಣೆ ಹಾಕುತ್ತ ಬಂದ. ಮೊದಮೊದಲು "ಗೊತ್ತಿಲ್ದೆ ಕೆಮ್ಬಿಟ್ಟೆ" ಎನ್ನುತ್ತಿದ್ದ. ಮದುವೆಯ ಹೊತ್ತಿಗೆ ಅದು "ನಿರ್ದೇಶಕರೇ ಕಣ್ಸನ್ನೆ ಮಾಡಿದ್ರು" ಎಂದಾಯಿತು. ತಲೆ ನರೆಯುವ ಹೊತ್ತಿಗೆ ಊರಲ್ಲೆಲ್ಲ ಹುಡುಕಿ, ನೂರಾರು ಮಕ್ಕಳನ್ನು ಕೆಮ್ಮಿಸಿ ನೋಡಿ, ಕೊನೆಗೆ ಇವನನ್ನೇ ಆರಿಸಿದ್ದರು. ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು. ಬೀದಿಗೆ ಬೀದಿಯೇ ಅವನನ್ನು ಕೆಮ್ಮಿನ ಮಾಮ ಎಂದಿತು. ಯಾರ ಮನೆಗೆ ನೆಂಟರು ಬಂದರೂ ಮಾಮನನ್ನು ಕರೆದು ತೋರಿಸುತ್ತಿದ್ದರು. ನೆಂಟರು ಎದ್ದು ನಿಲ್ಲುತ್ತಿದ್ದರು. ಮಾಮ ಕೈ ಅಡ್ಡ ಮಾಡಿ, "ಕೂತ್ಕೊಳಿ, ಕೂತ್ಕೊಳಿ," ಎನ್ನುತ್ತಿದ್ದ.

ಆ ಬೆಳಗ್ಗೆ ಮೇಷ್ಟ್ರ ಹಿಂದೆಯೇ ಎದುರುಮನೆಯ ದರ್ಜಿ ಬಂದ, ಅವನ ಹಿಂದೆ ಉಳಿದವರು. ಎಲ್ಲರೂ ಗೋಡೆಗೊರಗಿ ಕೂತರು. ದರ್ಜಿ, "ಮೊನ್ನೆ ಮೊನ್ನೆ ಕೇಳಿದ ಹಾಗಿದೆ," ಎಂದ. ಮೇಷ್ಟ್ರು, "ಎಷ್ಟು ಸ್ಪಷ್ಟವಾಗಿತ್ತು," ಎಂದರು. ಒಬ್ಬಾಕೆ ಕಣ್ಣೊರೆಸಿಕೊಂಡಳು. ಮಾಮನ ಹೆಂಡತಿ ಎಲ್ಲರಿಗೂ ಕಾಫಿ ತಂದುಕೊಟ್ಟು, "ಸಕ್ಕರೆ ಮುಗಿದಿದೆ, ದುಃಖದಲ್ಲಿ ಗೊತ್ತಾಗಲ್ಲ, ಕುಡೀರಿ," ಎಂದಳು.

ಕೊನೆಗೆ ಬಂದವನು ಅವಳ ತಮ್ಮ, ಔಷಧಿ ಅಂಗಡಿಯವನು. ಅವನಿಗೆ ಬಾವ ಎಂದರೆ ಅಷ್ಟಕ್ಕಷ್ಟೇ. ಜನರನ್ನೆಲ್ಲ ನೋಡಿ, "ಕೆಮ್ಮು ಬಂತು ಅಂತ ಅಳೋರನ್ನ ದಿನಾ ನೋಡ್ತೀನಿ ಬಾವ. ಹೋಯ್ತು ಅಂತ ಅಳೋರನ್ನ ಇವತ್ತೇ ನೋಡಿದ್ದು," ಎಂದ.

"ನಿಂಗೆ ಅಂಗಡಿ ಇದೆ, ಇಬ್ಬರು ಮಕ್ಕಳಿದಾರೆ," ಎಂದ ಮಾಮ. "ನಂಗೇನಿದೆ? ಬರೋ ವರ್ಷ ನಿವೃತ್ತಿ. ನಾನು ಹೋದ ಮೇಲೆ ನಂದು ಅಂತ ಈ ಊರಲ್ಲಿ ಉಳಿಯೋದು ಅದೊಂದೇ."

ಔಷಧಿ ಅಂಗಡಿಯವನು ಕೂಡ ಕೂತು ಸಕ್ಕರೆಯಿಲ್ಲದ ಕಾಫಿ ಕುಡಿದ.

ಮಾರನೆಯ ದಿನ ಮಾಮ ರಜೆ ಹಾಕಿ ಚಿತ್ರದ ಕಂಪನಿಯ ಕಚೇರಿಗೆ ಹೋದ. ಅಲ್ಲಿ ಬಿಡುಗಡೆಯ ಉಸ್ತುವಾರಿ ನೋಡಿಕೊಳ್ಳುವ ಅಧಿಕಾರಿಯೊಬ್ಬ ಇದ್ದ. ಯಾವ ಮಾತಿಗೂ ಎರಡು ಕಡೆ ಬೇಲಿ ಹಾಕಿ ಮಾತಾಡುವ ಮನುಷ್ಯ.

"ನೋಡಿ ಇವರೇ, ನಮ್ಮಲ್ಲಿ ಒಂದು ಪದ್ಧತಿ. ಧ್ವನಿ ಯಾರದೋ ಅವರು ಬೇಡ ಅಂದ್ರೆ ನಾವು ಇಡೋ ಹಾಗಿಲ್ಲ. ಅವರು ಬೇಕು ಅಂದ್ರೆ, ಇಡಬಾರದು ಅಂತೇನೂ ಇಲ್ಲ. ಆದ್ರೆ ಅದು ನಿಮ್ಮದೇ ಅನ್ನೋದಕ್ಕೆ ಏನು ಗುರುತು?"

ಮೂವತ್ತು ವರ್ಷದಿಂದ ಕೌಂಟರಿನ ಒಳಗೆ ಕೂತು ಇದೇ ಪ್ರಶ್ನೆಯನ್ನು ಊರಿಗೆಲ್ಲ ಕೇಳಿದವನು ಮಾಮ. ಕಪ್ಪು ಕೊಡೆ ಎಂದವರನ್ನು, ಎಲ್ಲಾ ಕೊಡೆಯೂ ಕಪ್ಪೇ, ಹಿಡಿಯ ಮೇಲೆ ಗೀರು ಎಲ್ಲಿದೆ ಹೇಳಿ ಎಂದು ಗೋಳು ಹೊಯ್ದುಕೊಂಡವನು. ಗುರುತು ಹೇಳಲಾಗದೆ ಸ್ವಂತ ಟೊಪ್ಪಿಯನ್ನು ಬಿಟ್ಟುಹೋದವರೂ ಉಂಟು.

"ಕೆಮ್ಮಿ ತೋರಿಸ್ತೀನಿ," ಎಂದ.

ಕೆಮ್ಮಿದ. ಬರಲಿಲ್ಲ. ಬಂದದ್ದು ಬಾಗಿಲು ತಟ್ಟುವ ಮೊದಲು ಮರ್ಯಾದಸ್ಥರು ಮಾಡುವ ಸದ್ದು.

"ಇದು ಗಂಟಲು ಸರಿ ಮಾಡ್ಕೊಳ್ಳೋದು," ಎಂದ ಅಧಿಕಾರಿ. "ಕೆಮ್ಮಲ್ಲ ಅಂತ ನಾನು ಹೇಳಲ್ಲ. ಕೆಮ್ಮು ಅಂತಲೂ ಹೇಳಲ್ಲ. ಹೋಗಿ, ಅಭ್ಯಾಸ ಮಾಡ್ಕೊಂಡು ಮುಂದಿನ ವಾರ ಬನ್ನಿ."

ವಿಷಯ ಬೀದಿಗೆ ತಿಳಿಯಿತು. ಬೀದಿಯವರು ಸುಮ್ಮನೆ ಕೂರುವ ಜಾತಿಯಲ್ಲ. ಮಾಮನಿಗೆ ಕೆಮ್ಮು ಬರಿಸುವುದು ಅವರೆಲ್ಲರ ಕರ್ತವ್ಯವಾಯಿತು. ಮೇಷ್ಟ್ರು ಬೆಳಗಿನ ಜಾವ ಬಾವಿಯ ತಣ್ಣೀರು ತಲೆಗೆ ಸುರಿಯಬೇಕೆಂದರು, ಸುರಿದದ್ದೂ ಅವರೇ. ದರ್ಜಿ ತನ್ನ ಅಂಗಡಿಯಲ್ಲಿ ಮಾಮನನ್ನು ಕೂರಿಸಿ ಹತ್ತಿಯ ದೂಳು ಕೊಡವಿದ. ಪಕ್ಕದ ಮನೆಯಾಕೆ ಕೆಂಡದ ಮೇಲೆ ಒಣಮೆಣಸಿನಕಾಯಿ ಹಾಕಿದಳು. ಹೊಗೆ ಎದ್ದು ಮೇಷ್ಟ್ರು ಕೆಮ್ಮಿದರು, ದರ್ಜಿ ಕೆಮ್ಮಿದ, ಬೀದಿಯ ನಾಯಿ ಸೀನಿಕೊಂಡು ಓಡಿತು, ದೂರದ ತಿರುವಿನಲ್ಲಿ ಹೋಗುತ್ತಿದ್ದ ಅಂಚೆಯವನು ಸೈಕಲ್ಲಿನಿಂದ ಇಳಿದು ಕೆಮ್ಮಿದ. ಮಾಮ ಮಾತ್ರ ಕಣ್ಣಲ್ಲಿ ನೀರು ಸುರಿಸುತ್ತ, ಕಲ್ಲುಕಂಬದ ಹಾಗೆ ಕೂತೇ ಇದ್ದ.

"ಇವರ ಹಣೆಬರಹವೇ ಇಷ್ಟು," ಎಂದಳು ಹೆಂಡತಿ, ಕಿಟಕಿ ತೆರೆಯುತ್ತ. "ರಾತ್ರಿ ನಾನು ಮಲಗಿದಾಗ ಗೊರಕೆ ಬೇಡ ಅಂದ್ರೂ ಬರುತ್ತೆ. ಕೆಮ್ಮು ಬಾ ಅಂದ್ರೂ ಬರಲ್ಲ."

ಮೂರನೆಯ ದಿನಕ್ಕೆ ಕೆಮ್ಮು ಬಂತು. ಬಂದದ್ದು ಹೋಗಲೇ ಇಲ್ಲ. ಒಂದು ಶುರುವಾದರೆ ಹತ್ತು ಆಗದೆ ನಿಲ್ಲುತ್ತಿರಲಿಲ್ಲ. ಚಂದ್ರನ ಕೆಮ್ಮಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಮೇಷ್ಟ್ರು ಕಿವಿಗೊಟ್ಟು ಕೇಳಿ, "ಇಷ್ಟು ಬೇಡ. ಒಂದೇ ಸಾಕು. ಒಂದರಲ್ಲೇ ಭಾವ ಇರಬೇಕು," ಎಂದು ತಿದ್ದಿದರು. ಮಾಮನಿಗೆ ಬದುಕೇ ಬೇಸರವಾಯಿತು. ಹಾಸಿಗೆ ಹಿಡಿದ. ನೋಡಲು ಬಂದ ಭಾವಮೈದುನ ಚೀಲದಿಂದ ಒಂದು ಸೀಸೆ ತೆಗೆದು ದಿಂಬಿನ ಹತ್ತಿರ ಇಟ್ಟು ಹೋದ. ಅಂಗಡಿಯಲ್ಲಿದ್ದ ಎಲ್ಲದಕ್ಕಿಂತ ಒಳ್ಳೆಯ ಔಷಧಿ ಅದು. ಕಚೇರಿಗೆ ಹೋಗಬೇಕಾದ ದಿನದ ಹೊತ್ತಿಗೆ ಕೆಮ್ಮು ನಿಂತು, ಗಂಟಲಿನಲ್ಲಿ ಒಂದು ಸಣ್ಣ ಕಡಿತ ಮಾತ್ರ ಉಳಿದಿತ್ತು.

ಆದರೆ ಪರೀಕ್ಷೆಯ ಅಗತ್ಯವೇ ಬೀಳಲಿಲ್ಲ. ಮಾಮ ಹಾಸಿಗೆಯಲ್ಲಿದ್ದಾಗ ಮೇಷ್ಟ್ರು ಬೀದಿಯವರನ್ನೆಲ್ಲ ಸೇರಿಸಿಕೊಂಡು ಹೋಗಿ ಕಂಪನಿಯ ಬಾಗಿಲಲ್ಲಿ ನಿಲ್ಲಿಸಿ, ಕೈ ಎತ್ತಿ ಇಳಿಸಿ, ಎಲ್ಲರಿಂದ ಒಟ್ಟಿಗೆ ಕೆಮ್ಮಿಸಿದ್ದರು. ಪತ್ರಿಕೆಯವರು ಫೋಟೋ ತೆಗೆದರು. ಊರಿನ ಬೇರೆ ಬೀದಿಗಳವರೂ ಬಂದು ಕೆಮ್ಮಿದರು. ಆರೋಗ್ಯ ಇಲಾಖೆಯಿಂದ ಒಬ್ಬ ಬಂದು, ಏನಾದರೂ ರೋಗ ಹಬ್ಬಿದೆಯೇ ಎಂದು ವಿಚಾರಿಸಿಕೊಂಡು ಹೋದ. ಇಷ್ಟು ಜನ ಒಂದು ಕೆಮ್ಮಿಗಾಗಿ ಟಿಕೆಟು ಕೊಳ್ಳುವುದಾದರೆ ಅದನ್ನು ತೆಗೆಯುವುದು ಹುಚ್ಚುತನ ಎಂದು ಕಂಪನಿಗೆ ತಕ್ಷಣ ಹೊಳೆಯಿತು.

ಅಧಿಕಾರಿ ತಾನೇ ಮಾಮನ ಮನೆಗೆ ಬಂದ. "ನೀವೇ ತಾನೆ ಇದರ ವಾರಸುದಾರರು? ಹೌದು ಅನ್ನಿ ಸಾಕು," ಎಂದ. ಮಾಮ ಹೌದು ಎಂದ. ವಾರದೊಳಗೆ ಗೋಡೆಗಳ ಮೇಲೆ ಕೊಡೆ, ಚಂದ್ರ, ಕೆಳಗೆ ದಪ್ಪಕ್ಷರದಲ್ಲಿ "ಅದೇ ಕೆಮ್ಮಿನೊಂದಿಗೆ" ಎಂಬ ಪೋಸ್ಟರು ಬಂತು. ಮೊದಲ ಆಟದ ದಿನ ಮಾಮನನ್ನು ವೇದಿಕೆಗೆ ಕರೆದು ಸನ್ಮಾನ ಮಾಡುವುದು ಎಂದಾಯಿತು. ದರ್ಜಿ ಅವನಿಗೊಂದು ಕೋಟು ಹೊಲಿಯಲು ಅಳತೆ ತೆಗೆದ. ಮೇಷ್ಟ್ರು ಭಾಷಣ ಬರೆದರು. ಅದರಲ್ಲಿ ಕೆಮ್ಮಿನ ಉಗಮದಿಂದ ಹಿಡಿದು ಎಲ್ಲವೂ ಇತ್ತು.

ಇನ್ನು ಒಂದೇ ಕೆಲಸ ಬಾಕಿ. ದೊಡ್ಡ ಥಿಯೇಟರಿನ ಸ್ಪೀಕರುಗಳಿಗೆ ಕೆಮ್ಮು ಸಾಲದು, ಅದನ್ನು ಬೇರೆಯಾಗಿ ಎತ್ತಿ, ಚೊಕ್ಕ ಮಾಡಿ, ಜೋರು ಮಾಡಬೇಕು ಎಂದು ಕಂಪನಿ ಹೇಳಿತ್ತು. ಧ್ವನಿ ಶುದ್ಧ ಮಾಡುತ್ತಿದ್ದ ಹುಡುಗಿ, ನೀವೇ ಒಮ್ಮೆ ಬಂದು ಕೇಳಿ ಒಪ್ಪಿದರೆ ಒಳ್ಳೆಯದು ಎಂದು ಫೋನು ಮಾಡಿದಳು. ಮಾಮ ಹೊಸ ಕೋಟು ಹಾಕಿಕೊಂಡೇ ಹೋದ.

ಕಿಟಕಿಯಿಲ್ಲದ ಕೋಣೆ. ಗೋಡೆಗೆಲ್ಲ ಬೂದು ಬಣ್ಣದ ಮೆತ್ತೆ. ಒಳಗೆ ಹೋದರೆ ತನ್ನ ಉಸಿರೇ ತನಗೆ ಕೇಳಿಸುತ್ತಿತ್ತು. ಹುಡುಗಿ ಅವನನ್ನು ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೇಳಿದಳು.

"ಸರ್, ಆವತ್ತು ನೀವು ಎಲ್ಲಿ ನಿಂತಿದ್ರಿ?"

"ಮುಂದಿನ ಸಾಲು. ಮೈಕಿನ ಹತ್ತಿರವೇ. ನನ್ನನ್ನ ಅಲ್ಲೇ ನಿಲ್ಲಿಸಬೇಕು ಅಂತ ನಿರ್ದೇಶಕರು ಹಠ ಹಿಡಿದಿದ್ರು."

"ಅದಕ್ಕೇ ಕೇಳಿದೆ. ಈ ಸದ್ದು ಹತ್ತಿರದ್ದಲ್ಲ. ಕೋಣೆಯ ಆಚೆ ತುದಿ, ಬಾಗಿಲಿನ ಕಡೆಯಿಂದ ಬಂದಿದೆ." ಅವಳು ತೆರೆಯ ಮೇಲಿನ ಗೆರೆಗಳನ್ನು ನೋಡುತ್ತ ಮುಂದುವರಿಸಿದಳು. "ಮಗುವಿನದೂ ಅಲ್ಲ ಸರ್. ದೊಡ್ಡವರದು. ಹೆಂಗಸಿನದು."

ಮಾಮನಿಗೆ ಸಿಟ್ಟು ಬಂತು. "ನಿನ್ನ ಯಂತ್ರಕ್ಕೆ ಏನು ಗೊತ್ತಮ್ಮ? ಅಲ್ಲಿ ಹೆಂಗಸರೇ ಇರಲಿಲ್ಲ. ವಾದ್ಯದವರೆಲ್ಲ ಗಂಡಸರು. ಇನ್ನು ನಾವು ಮಕ್ಕಳು. ಇನ್ಯಾರೂ ಇರಲಿಲ್ಲ."

"ಇರಬಹುದು ಸರ್. ನೀವೇ ಕೇಳಿ. ಸುತ್ತಲಿನ ಸದ್ದೆಲ್ಲ ತೆಗೆದಿದ್ದೀನಿ."

ಅವಳು ಗುಂಡಿ ಒತ್ತಿದಳು. ಮೊದಲು ಏನೂ ಇಲ್ಲ. ಆಮೇಲೆ ಬಕೆಟ್ಟಿನ ಹಿಡಿ ಕೈಯಿಂದ ಜಾರಿ ಬಕೆಟ್ಟಿಗೆ ಬಡಿದ ಸಣ್ಣ ಸದ್ದು. ಆಮೇಲೆ ಕೆಮ್ಮು. ಅಷ್ಟಕ್ಕೇ ಮುಗಿಯಲಿಲ್ಲ. ಕೆಮ್ಮಿನ ಹಿಂದೆಯೇ ಶುರುವಾಗುವ ಪಿಟೀಲುಗಳ ಕೆಳಗೆ ಐವತ್ತು ವರ್ಷ ಯಾರಿಗೂ ಕೇಳಿಸದೆ ಇದ್ದದ್ದು ಈಗ ಕೇಳಿಸಿತು: ಬಾಯಿಗೆ ಬಟ್ಟೆ ತುರುಕಿಕೊಂಡು ನುಂಗಿದ ಎರಡನೆಯ ಕೆಮ್ಮು, ಇನ್ನೂ ಒಳಕ್ಕೆ ನುಂಗಿದ ಮೂರನೆಯದು, ಕೊನೆಗೆ ಬಾಗಿಲಾಚೆ ಓಡಿಹೋದ ಬರಿಗಾಲಿನ ಸದ್ದು.

"ಇನ್ನೊಂದ್ಸಲ ಹಾಕಮ್ಮ," ಎಂದ ಮಾಮ.

ಅವಳು ಹಾಕಿದಳು. ಮಾಮ ಮತ್ತೆ ಹಾಕು ಎಂದ. ಮೊದಲನೆಯದು ಹೊರಗೆ, ಉಳಿದೆರಡು ಬಟ್ಟೆಯೊಳಗೆ. ಆ ಲೆಕ್ಕ ಅವನಿಗೆ ಗೊತ್ತಿತ್ತು. ಎಂಟು ವರ್ಷ ಅದರ ಪಕ್ಕದಲ್ಲೇ ಮಲಗಿದ್ದ. ಮಗನ ನಿದ್ದೆ ಕೆಡದಿರಲಿ ಎಂದು ಗೋಡೆಯ ಕಡೆ ಹೊರಳಿ, ಹೊದಿಕೆಯ ಅಂಚನ್ನು ಬಾಯಿಗೆ ಒತ್ತಿಕೊಂಡು ಅಮ್ಮ ಕೆಮ್ಮುತ್ತಿದ್ದದ್ದು ಹೀಗೆಯೇ. ಅವನಿಗೆ ಎಚ್ಚರವಿರುತ್ತಿತ್ತು. ಎಚ್ಚರವಿದೆ ಎಂದು ತೋರಿಸಿಕೊಳ್ಳುತ್ತಿರಲಿಲ್ಲ.

ಆ ದಿನ ಅವನ ಕಿವಿ ಹಿಂಡುವಾಗ ಅವಳು ಬಾಗಿಲಲ್ಲಿ ಬಕೆಟ್ಟು ಹಿಡಿದು ನಿಂತಿದ್ದಳು. ನೆಲ ನೋಡುತ್ತಿದ್ದಳು. ಧ್ವನಿ ಮುದ್ರಿಸುವ ಜಾಗದಲ್ಲಿ ಕೆಮ್ಮುವ ಆಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಸಂಜೆ ಮನೆಗೆ ಬರುವಾಗ ದಾರಿಯುದ್ದಕ್ಕೂ ಅವನ ಕಿವಿಯನ್ನು ಬೆರಳಲ್ಲಿ ಸವರುತ್ತ, "ನೀನೇ ಕೆಮ್ಮಿದ್ದು ಅಂತಲೇ ಇರಲಿ ಮಗಾ. ಯಾರು ಕೇಳಿದ್ರೂ ಹಾಗೇ ಹೇಳು," ಎಂದಿದ್ದಳು. ತಾನು ಕೆಮ್ಮಿದ ನೆನಪು ಅವನಿಗೆ ಇರಲಿಲ್ಲ; ಆದರೆ ಅಮ್ಮ ಹೇಳಿದ ಮೇಲೆ ಆಯಿತು, ಕೆಮ್ಮಿರಬೇಕು ಎಂದುಕೊಂಡ. ಹಾಗೇ ಹೇಳುತ್ತ ಬಂದ. ಚಿತ್ರ ಬಿಡುಗಡೆಯಾಗುವ ಮೊದಲೇ ಅವಳು ಹೋಗಿಬಿಟ್ಟಳು. ಊರಿಗೆ ಊರೇ ಚಂದ್ರನ ಕೆಮ್ಮಿಗೆ ಬಿದ್ದು ಬಿದ್ದು ನಕ್ಕಿತು. ಇವನು ಮುಂದಿನ ಸಾಲಿನಲ್ಲಿ ಎದ್ದು ನಿಂತು ಎಲ್ಲರಿಗಿಂತ ಜೋರಾಗಿ ನಕ್ಕು, ಕೈ ಮುಗಿದು, ಕೂತ್ಕೊಳಿ ಕೂತ್ಕೊಳಿ ಎಂದಿದ್ದ.

"ಯಾರು ಸರ್ ಅವರು? ಗೊತ್ತಾ?" ಎಂದಳು ಹುಡುಗಿ.

"ಅಲ್ಲಿ ಕೆಲಸ ಮಾಡ್ತಿದ್ದರು," ಎಂದ ಮಾಮ. ಹೆಡ್‌ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. "ಇದನ್ನ ಯಾರಿಗೂ ಹೇಳಬೇಡಮ್ಮ. ಜೋರೂ ಮಾಡಬೇಡ. ತೆಗೆದುಬಿಡು."

"ತೆಗೀಬೇಕು ಅಂದ್ರೆ ಕಂಪನಿಯವರು ಹೇಳಬೇಕು ಸರ್."

ಮಾಮ ಅಲ್ಲಿಂದ ನೇರ ಅಧಿಕಾರಿಯ ಹತ್ತಿರ ಹೋದ.

"ಆ ಕೆಮ್ಮು ಬೇಡ," ಎಂದ. "ತೆಗೀರಿ."

ಅಧಿಕಾರಿ ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟ. "ಪೋಸ್ಟರು ಅಂಟಿಸಿ ಆಗಿದೆ ಇವರೇ. ಹಾರ ಹೇಳಿದ್ದೀವಿ. ನಿಮ್ಮ ಬೀದಿಯವರು ನಮ್ಮ ಬಾಗಿಲಲ್ಲಿ ಕೆಮ್ಮಿ ಕೆಮ್ಮಿ ನಮ್ಮ ಕಾವಲುಗಾರನಿಗೂ ಹತ್ತಿಸಿ ಹೋಗಿದ್ದಾರೆ. ಈಗ ಬೇಡ ಅಂದ್ರೆ?"

"ವಾರಸುದಾರರು ಬೇಡ ಅಂದ್ರೆ ಇಡೋ ಹಾಗಿಲ್ಲ ಅಂತ ನೀವೇ ಹೇಳಿದ್ರಿ."

"ಹೇಳಿದೆ. ಹೇಳಿಲ್ಲ ಅನ್ನಲ್ಲ. ಕಾರಣ ಏನು ಅಂತಾದ್ರೂ ಹೇಳಿ."

"ನಾನು ವಾರಸುದಾರ ಹೌದೋ ಅಲ್ವೋ?"

"ನೀವು ಹೌದು ಅಂದಿದ್ದಕ್ಕೇ ತಾನೆ ಇಷ್ಟೆಲ್ಲ ಆಗಿದ್ದು."

"ಹಾಗಾದ್ರೆ ಬೇಡ," ಎಂದು ಮಾಮ ಎದ್ದ. ಅಧಿಕಾರಿ ಅವನ ಮುಖ ನೋಡಿ ಬೇಲಿ ಹಾಕುವುದನ್ನು ಬಿಟ್ಟು, "ಆಯ್ತು," ಎಂದಷ್ಟೇ ಹೇಳಿದ.

ಅಂದು ಸಂಜೆಯೇ ಆಳುಗಳು ಏಣಿ ಹಾಕಿ ಪೋಸ್ಟರುಗಳ ಕೆಳಭಾಗಕ್ಕೆ ಬಿಳಿ ಕಾಗದ ಅಂಟಿಸುವುದನ್ನು ಕಂಡು ಬೀದಿಗೆ ವಿಷಯ ತಿಳಿಯಿತು. ಮೊದಲ ಸಲ ಬಂದ ಹಾಗೆಯೇ ಎಲ್ಲರೂ ಬಂದರು. ಈ ಸಲ ಯಾರೂ ಚಪ್ಪಲಿ ಬಿಡಲಿಲ್ಲ, ಯಾರೂ ಕೂರಲಿಲ್ಲ.

"ನಿಮಗೋಸ್ಕರ ನಾವೆಲ್ಲ ಬೀದಿಯಲ್ಲಿ ನಿಂತು ಕೆಮ್ಮಿದ್ವಿ, ಈಗ ನೀವೇ ಹೋಗಿ ಬೇಡ ಅಂದ್ರಂತೆ," ಎಂದರು ಮೇಷ್ಟ್ರು. "ಭಾಷಣ ಬಾಯಿಪಾಠ ಮಾಡಿದ್ದೆ ನಾನು. ಈ ವಯಸ್ಸಿನಲ್ಲಿ."

"ಕಂಪನಿಯವರು ಏನೋ ಕೊಟ್ಟಿರಬೇಕು," ಎಂದಿತು ಹಿಂದಿನಿಂದ ಒಂದು ದನಿ.

"ಅಲ್ಲ, ಇವರದಲ್ಲ ಅಂತ ಅಲ್ಲಿ ಗೊತ್ತಾಗಿರಬೇಕು," ಎಂದಿತು ಇನ್ನೊಂದು.

ದರ್ಜಿ ಕೋಟು ಬಿಚ್ಚಿಕೊಡಿ ಎಂಬಂತೆ ಕೈ ಚಾಚಿದ. ಮಾಮ ಬಿಚ್ಚಿಕೊಟ್ಟ. ಭಾವಮೈದುನ ಎಲ್ಲರೂ ಹೋಗುವವರೆಗೆ ಕಾದಿದ್ದು, "ಬಾವ, ನಿಮ್ಮ ತಲೆ ನೆಟ್ಟಗಿದೆಯಾ? ಇದ್ದದ್ದು ಅದೊಂದೇ ಅಂತ ನೀವೇ ಅಂದಿದ್ರಿ," ಎಂದ. ಮಾರನೆಯ ದಿನದಿಂದ ಮಕ್ಕಳಿಗೂ ಅವನನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ; ಕೆಮ್ಮಿನ ಮಾಮ ಎನ್ನಲು ಹೋಗಿ ಅರ್ಧಕ್ಕೆ ನಿಲ್ಲಿಸಿ ಓಡುತ್ತಿದ್ದರು. ಹೆಂಡತಿ ಊಟ ಬಡಿಸುವಾಗ ಎರಡು ಸಲ ಕೇಳಿದಳು, ಯಾಕೆ ಎಂದು. ಮಾಮ ಅನ್ನ ಕಲಸುತ್ತಲೇ ಇದ್ದ. ತಾಯಿಯ ವಿಷಯವನ್ನು ಬಾಯಿಬಿಟ್ಟು ಮಾತಾಡಿ ಅವನಿಗೆ ಅಭ್ಯಾಸವಿರಲಿಲ್ಲ.

ಮೊದಲ ಆಟಕ್ಕೆ ಬೀದಿಯವರೆಲ್ಲ ಹೋದರು. ಕೋಪ ಬೇರೆ, ಮೊದಲೇ ಕೊಂಡ ಟಿಕೆಟು ಬೇರೆ. ವೇದಿಕೆಯಿಲ್ಲ, ಹಾರವಿಲ್ಲ. ಮಾಮ ಹೆಂಡತಿಯ ಜೊತೆ ಹಿಂದಿನ ಸಾಲಿನ ಮೂಲೆಯಲ್ಲಿ ಕೂತ. ದೀಪ ಆರಿತು. ಬಣ್ಣಗಳೆಲ್ಲ ಈಗ ತಾನೇ ಬಳಿದಂತಿದ್ದವು; ಹಾಡುಗಳಲ್ಲಿ ಈ ಹಿಂದೆ ಕೇಳಿಸದ ಕೊಳಲು, ಕೇಳಿಸದ ಗಂಟೆ, ಎಲ್ಲ ಕೇಳಿಸಿದವು. ಜನ ಕೋಪ ಮರೆತು ನೋಡಿದರು.

ಮೂರನೆಯ ಹಾಡು ಬಂತು. ಕೊಡೆ ಕಂಬಕ್ಕೆ ಸಿಕ್ಕಿಕೊಂಡಿತು. ಚಂದ್ರನನ್ನು ಕೇಳಿತು. ವಾದ್ಯಗಳು ನಿಂತವು.

ಚಂದ್ರ ಸುಮ್ಮನಿದ್ದ.

ಥಿಯೇಟರಿನಲ್ಲಿದ್ದ ಅಷ್ಟೂ ಜನ ಕೆಮ್ಮಲು ಬಾಯಿ ತೆರೆದಿದ್ದರು. ಆದರೆ ಚಂದ್ರ ಶುರು ಮಾಡದೆ ಮೊದಲು ಕೆಮ್ಮಬೇಕಾದವರು ಯಾರು ಎಂದು ಯಾರಿಗೂ ಗೊತ್ತಿರಲಿಲ್ಲ. ಮೇಷ್ಟ್ರು ಹಿಂದೆ ತಿರುಗಿದರು. ದರ್ಜಿ ತಿರುಗಿದ. ಸಾಲು ಸಾಲಾಗಿ ತಲೆಗಳು ತಿರುಗಿ ಮೂಲೆಯ ಕಡೆ ನೋಡಿದವು. ಹಿಂದೆ ಮೂರು ದಿನ ಹೊಗೆ, ದೂಳು, ತಣ್ಣೀರು ಕಂಡಿದ್ದ ಆ ಗಂಟಲಿಗೆ ಕಡಿತ ಏಳಲು ಅದೇ ಗಳಿಗೆ ಬೇಕಿತ್ತು. ಮಾಮನ ಎದೆ ಉಬ್ಬಿತು, ಕುತ್ತಿಗೆಯ ನರ ಎದ್ದವು, ಕಣ್ಣು ಹೊರಗೆ ಬಂದವು. ಜೇಬಿನಿಂದ ಕರ್ಚೀಫು ಎಳೆದು, ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡು, ಎರಡೂ ಕೈಯಿಂದ ಒತ್ತಿ ಹಿಡಿದ. ಮೈಯೆಲ್ಲ ನಡುಗಿತು. ಸದ್ದು ಹೊರಗೆ ಬರಲಿಲ್ಲ.

ಪರದೆಯ ಮೇಲೆ ಕೊಡೆ ಕಾಯುತ್ತಿತ್ತು. ಐವತ್ತು ವರ್ಷದಲ್ಲಿ ಮೊದಲ ಸಲ ಆ ಜಾಗದಲ್ಲಿ ಏನೂ ಇರಲಿಲ್ಲ.

ಹೆಂಡತಿ ಗಾಬರಿಯಾಗಿ ಅವನ ಬೆನ್ನು ಸವರುತ್ತ, "ಏನ್ರೀ ಇದು. ಕೆಮ್ಮಿಬಿಡಿ, ಯಾಕೆ ತಡೀತೀರಿ?" ಎಂದು ಪಿಸುಗುಟ್ಟಿದಳು.

ಮಾಮ ಬಾಯಿಯ ಬಟ್ಟೆ ತೆಗೆದ. ಕೆನ್ನೆಯೆಲ್ಲ ಒದ್ದೆಯಾಗಿತ್ತು.

"ಕೇಳು," ಎಂದ.

"ಏನೂ ಕೇಳಿಸ್ತಿಲ್ಲ."

"ಹೂಂ," ಎಂದ ಮಾಮ. "ಅಮ್ಮ ಹುಷಾರಾಗಿದ್ದಾಳೆ."